ಮಳೆಗಾಲದ ಕವೆಗೋಲು

ನಮ್ಮ ಮನೆಯ ಪಡಸಾಲೆಯ ಮೂಲೆಯಲ್ಲಿ, ಒನಕೆಗೂ ಹಳೆಯ ಕೊಡೆಗೂ ನಡುವೆ, ಎದೆಯೆತ್ತರದ ಒಂದು ಜಾಲಿಯ ಕವೆಗೋಲು ನಿಂತಿದೆ. ಅದರ ಕವಲಿಗೆ ಕುರುಬರ ಕಂಬಳಿಯ ಎರಡು ಬೆರಳಗಲದ ಪಟ್ಟಿಯನ್ನು ಸುತ್ತಿ ಬಿಗಿದಿದೆ. ಬುಡಕ್ಕೆ ಕಮ್ಮಾರನು ತೊಡಿಸಿದ ಕಬ್ಬಿಣದ ಅಣಸೊಂದಿದೆ. ನಡುವೆ, ಕೈ ಹಿಡಿಯುವೆಡೆಯಲ್ಲಿ, ಮರವು ಎಣ್ಣೆಯನ್ನೂ ಬೆವರನ್ನೂ ಕುಡಿದು ಹುಣಿಸೆಬೀಜದ ಬಣ್ಣಕ್ಕೆ ತಿರುಗಿದೆ. ಇದು ನಮ್ಮ ತಾತನವರದು. ಅವರ ಬಂದೂಕು ಎಂದೋ ಸರ್ಕಾರದ ಪಾಲಾಯಿತು. ಅದನ್ನು ಹೊತ್ತು ನಿಲ್ಲುತ್ತಿದ್ದ ಕೋಲು ಮಾತ್ರ, ಲೈಸನ್ಸಿನ ಗೊಡವೆಯಿಲ್ಲದೆ, ಮನೆಯಲ್ಲಿಯೇ ಉಳಿಯಿತು. ಬಂದೂಕಿಗೆ ಪರವಾನಗಿ ಕೇಳುವ ಕಾಯಿದೆಯು ಅದರ ಆಧಾರಕ್ಕೆ ಏನನ್ನೂ ಕೇಳದಿರುವುದು ಸಹಜವೇ. ಆದರೆ ಈ ಕೇಳದಿರುವಿಕೆಯಲ್ಲಿ ಒಂದು ಲೋಪವೂ ಅಡಗಿದೆಯೆಂಬುದನ್ನು ಕಳೆದ ಮಳೆಗಾಲದಲ್ಲಿ ನಾನು ಕಂಡುಕೊಂಡೆನಾದ್ದರಿಂದ, ಅದನ್ನು ಓದುಗರ ಮುಂದಿಡುವುದು ಉಚಿತವೆಂದು ಭಾವಿಸುತ್ತೇನೆ.

ನಮ್ಮ ಗುಂಡುಮಾಲ್ ಎಂಬುದು 2019ರ ಫೆಬ್ರುವರಿಯಲ್ಲಿ ಜಿಲ್ಲೆಯಾದ, ತೆಲಂಗಾಣದ ನಾರಾಯಣಪೇಟೆಯ ಒಂದು ಊರು. ಇಲ್ಲಿ ತೆಲುಗು ಕನ್ನಡಗಳೆರಡೂ ಒಂದೇ ಕಟ್ಟೆಯ ಮೇಲೆ ಕುಳಿತು ಮಾತನಾಡುತ್ತವೆ. ನೆಲವೂ ಎರಡು ಬಗೆಯದು: ಒಂದು ಕಡೆ ಕೆಂಪು ಮಸಾರಿ, ಇನ್ನೊಂದು ಕಡೆ ಕರಿಯ ಎರೆ. ತೊಗರಿ, ಜೋಳ, ಹತ್ತಿ, ಶೇಂಗಾ, ಕೆರೆಯ ಕೆಳಗೆ ಭತ್ತ. ಇವೇ ಇಲ್ಲಿಯ ಬದುಕು. ಈ ಬದುಕಿಗೆ ಕಾಡುಹಂದಿಯು ಬಂದು ಬಾಯಿ ಹಾಕುವ ಕಾಲವು ಯಾವುದೆಂದರೆ, ಶೇಂಗಾ ಕಾಯಿಕಟ್ಟುವ, ಜೋಳ ಹಾಲುಗಟ್ಟುವ, ಆಕಾಶವು ಯಾವ ಗಳಿಗೆಯಲ್ಲಿ ಹರಿದು ಸುರಿದೀತೆಂದು ಹೇಳಲಾಗದ ಕಾಲವೇ. ಹಂದಿಗೆ ಒದ್ದೆನೆಲ ಇಷ್ಟ. ಮೂತಿಯಿಂದ ಉತ್ತು ಬೇರುಗೆಡ್ಡೆಗಳನ್ನು ಎಬ್ಬಿಸಲು ಅದಕ್ಕೆ ಮೆತ್ತನೆಯ ಮಣ್ಣು ಬೇಕು. ಹೀಗಾಗಿ ರೈತನ ಕಷ್ಟವೂ ಮಳೆಯೂ ಬೇಟೆಗಾರನೂ ಒಂದೇ ರಾತ್ರಿಯಲ್ಲಿ ಒಂದೇ ಹೊಲದಲ್ಲಿ ಕೂಡುವುದು ಆಕಸ್ಮಿಕವಲ್ಲ.

ಕಾಯಿದೆಯ ಮಾತನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಬೇಟೆಯ ಮಾತೆತ್ತಿದೊಡನೆ ಸಜ್ಜನರ ಹುಬ್ಬು ಮೇಲೇರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು, 1991ರ ತಿದ್ದುಪಡಿಯೊಡನೆ, ವಿನೋದದ ಬೇಟೆಯನ್ನು ಈ ದೇಶದಲ್ಲಿ ಮುಗಿಸಿತು. ಅದು ಮುಗಿದದ್ದು ಒಳ್ಳೆಯದೇ ಆಯಿತೆಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಅದೇ ಕಾಯಿದೆಯ 11ನೆಯ ಪ್ರಕರಣವು, ಮನುಷ್ಯರ ಪ್ರಾಣಕ್ಕೋ ನಿಂತ ಬೆಳೆಗೋ ಕಂಟಕವಾದ ಕೆಲವು ಪ್ರಾಣಿಗಳನ್ನು ಅಧಿಕಾರಿಯ ಲಿಖಿತ ಆಜ್ಞೆಯಿಂದ ಕೊಲ್ಲಿಸಬಹುದೆಂದು ಹೇಳುತ್ತದೆ. ಕೇರಳವು 2022ರಲ್ಲಿ ಕಾಡುಹಂದಿಯ ವಿಷಯದಲ್ಲಿ ಈ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ಕೊಟ್ಟಿತು. ನಮ್ಮ ತೆಲಂಗಾಣದಲ್ಲಿಯೂ ಪಟ್ಟಿಯಲ್ಲಿ ಹೆಸರಿರುವ ಗುರಿಕಾರರನ್ನು ಕರೆಸಿ ಹಂದಿಯ ಹಾವಳಿಯನ್ನು ತಗ್ಗಿಸುವ ಏರ್ಪಾಟು ಗ್ರಾಮದ ಸರಪಂಚರ ಮಟ್ಟಕ್ಕೆ ಇಳಿದು ಬಂದಿದೆ. ಮಕ್ತಲ್ ಕಡೆಯ ಕೃಷ್ಣಾತೀರದ ಹೊಲಗಳಲ್ಲಿ ಹಿಂಡುಹಿಂಡಾಗಿ ನಲಿಯುವ ಕೃಷ್ಣಮೃಗವಾದರೋ ಮೊದಲನೆಯ ಅನುಸೂಚಿಯಲ್ಲಿ ಸುರಕ್ಷಿತವಾಗಿದೆ. ಅದರ ಮೇಲೆ ಬಂದೂಕೆತ್ತುವಂತಿಲ್ಲ, ಎತ್ತಲೂ ಬಾರದು. ನಾನು ಹೇಳುವುದೆಲ್ಲವೂ ಅನುಮತಿಯ ಕಾಗದ ಕೈಯಲ್ಲಿರುವ, ಹಂದಿಯೊಂದನ್ನೇ ಕುರಿತ, ಆ ಸಂಕುಚಿತವಾದ ಸಂದರ್ಭಕ್ಕೆ ಸೇರಿದ್ದು.

ಆ ಸಂದರ್ಭದಲ್ಲಿ ನಡೆಯುವುದೇನು? ಅರ್ಜಿ ಬರೆಯುತ್ತಾರೆ, ಹೊಲವನ್ನು ನೋಡಿ ಪಂಚನಾಮೆ ಮಾಡುತ್ತಾರೆ, ಬಂದೂಕಿನ ನಂಬರನ್ನೂ ತೋಟೆಗಳ ಲೆಕ್ಕವನ್ನೂ ಗುರುತು ಹಾಕಿಕೊಳ್ಳುತ್ತಾರೆ. ಗುರಿಕಾರನು ಆ ಬಂದೂಕನ್ನು ಎಲ್ಲಿ ಊರುವನು, ಏನರ ಮೇಲೆ ಇಡುವನು, ಮಳೆ ಬಂದರೆ ಏನು ಮಾಡುವನು ಎಂದು ಕೇಳುವವರೊಬ್ಬರೂ ಇಲ್ಲ. ಕಳೆದ ಮಳೆಗಾಲದಲ್ಲಿ ನಮ್ಮ ನೆರೆಯ ಹೊಲಕ್ಕೆ ಬಂದಿದ್ದ ಒಬ್ಬ ಗುರಿಕಾರರು, ದೂರದ ನಗರದಿಂದ ಬಂದವರು, ಬಹಳ ಬೆಲೆಬಾಳುವ ರೈಫಲನ್ನೂ ಅದರ ಮೂತಿಯ ಕೆಳಗೆ ಮಡಿಸಿಕೊಳ್ಳುವ ಎರಡು ಲೋಹದ ಕಾಲುಗಳನ್ನೂ ತಂದಿದ್ದರು. ಎರೆಯ ಹೊಲದ ಬದುವಿನ ಮೇಲೆ ಆ ಕಾಲುಗಳನ್ನು ಬಿಡಿಸಿ ಊರಿ ಮಲಗಿದರು. ಸಂಜೆಯಿಂದ ಜಡಿಮಳೆ ಹಿಡಿದಿತ್ತು. ನೆನೆದ ಎರೆಯ ಗುಣವನ್ನು ಬಲ್ಲವರು ಬಲ್ಲರು: ಅದು ಮೊದಲು ಎದುರುಗೊಡುತ್ತದೆ, ಆಮೇಲೆ ಸಣ್ಣಗೆ ನುಂಗುತ್ತದೆ. ಹಂದಿ ಬಂದು ಅಡ್ಡನಿಂತ ಗಳಿಗೆಗೆ ಸರಿಯಾಗಿ ಎಡಗಾಲು ಒಂದು ಅಂಗುಲ ಇಳಿಯಿತು. ಈಡು ಹಾರಿತು, ಹಂದಿಯೂ ಹಾರಿತು. ಹೊಟ್ಟೆಗೆ ಪೆಟ್ಟು ಬಿದ್ದ ಆ ಪ್ರಾಣಿಯು ತೊಗರಿಯ ಸಾಲೊಳಗೆ ನುಗ್ಗಿ, ಎರಡು ದಿನ ಯಾರ ಕಣ್ಣಿಗೂ ಬೀಳದೆ, ಮೂರನೆಯ ದಿನ ಹಳ್ಳದ ಪೊದೆಯಲ್ಲಿ ನಾತ ಹೊಡೆದಾಗ ಸಿಕ್ಕಿತು. ಆ ಎರಡು ದಿನ ನಮ್ಮ ಹೆಣ್ಣುಮಕ್ಕಳು ಕಳೆ ಕೀಳಲು ಹೊಲಕ್ಕೆ ಇಳಿಯಲಿಲ್ಲ. ಗಾಯಗೊಂಡ ಹಂದಿಯು ತಿರುಗಿ ಬೀಳುವ ರೀತಿಯನ್ನು ಅವರು ಅಜ್ಜಿಯರಿಂದ ಕೇಳಿದ್ದರು.

ದೋಷವು ಆ ಮನುಷ್ಯರ ಕಣ್ಣಿನದಲ್ಲ, ಬಂದೂಕಿನದೂ ಅಲ್ಲ. ಲೆಕ್ಕ ಸುಲಭವಾಗಿದೆ. ಹೆಗಲಿನಿಂದ ನಳಿಗೆಯ ಬಾಯಿಯವರೆಗೆ ಮೂರೂವರೆ ಅಡಿ ಉದ್ದದ ಬಂದೂಕಿನ ತುದಿಯು, ಬಡಗಿಗಳು ಒಂದು ನೂಲು ಎನ್ನುವಷ್ಟು, ಅಂದರೆ ಅಂಗುಲದ ಎಂಟನೆಯ ಒಂದು ಪಾಲಿನಷ್ಟು ಕದಲಿದರೂ, 80 ಮೀಟರ್ ದೂರದಲ್ಲಿ ಗುಂಡು ಒಂದು ಗೇಣು ಅತ್ತಿತ್ತ ಹೋಗುತ್ತದೆ. ಹಂದಿಯ ಗುಂಡಿಗೆಯಿರುವ ತಾಣ, ಮುಂಗಾಲಿನ ಹಿಂದೆ ಕೆಳಗಡೆಗೆ, ಹೆಚ್ಚು ಕಡಮೆ ಒಂದು ಗೇಣಿನದೇ. ಆದುದರಿಂದ ಒಂದು ನೂಲು ಎಂಬುದು ತತ್‌ಕ್ಷಣದ ಮರಣಕ್ಕೂ ಎರಡು ದಿನಗಳ ಯಾತನೆಗೂ ನಡುವಣ ಅಂತರವಾಗಿದೆ; ಆ ನೂಲನ್ನು ಕಾಯುವುದೇ ಕವೆಗೋಲಿನ ಉದ್ಯೋಗ.

ಬಂದೂಕಿಗೆ ಆಧಾರ ಬೇಕೆಂಬುದು ಹೊಸ ಮಾತಲ್ಲ, ಬಂದೂಕಿನಷ್ಟೇ ಹಳೆಯದು. ಹದಿನಾರು ಹದಿನೇಳನೆಯ ಶತಮಾನಗಳ ಐರೋಪ್ಯ ಸಿಪಾಯಿಯು ತನ್ನ ಭಾರವಾದ ಬತ್ತಿಕೋವಿಯೊಡನೆ ಒಂದು ಕವೆಗೋಲನ್ನೂ ಹೊತ್ತು ನಡೆಯುತ್ತಿದ್ದನು. ಅದನ್ನು ನೆಲಕ್ಕೆ ಊರಿ, ಅದರ ಕವಲಲ್ಲಿ ನಳಿಗೆಯನ್ನಿಟ್ಟು, ಆಮೇಲೆ ಬತ್ತಿಯನ್ನು ಮದ್ದಿಗೆ ಮುಟ್ಟಿಸುತ್ತಿದ್ದನು. ನಮ್ಮ ಸೀಮೆಗೂ ಗುರಿಗಾರಿಕೆಯ ದೊಡ್ಡ ಹೆಸರಿದೆ. ಭೀಮೆಯ ಆಚೆಗೆ, ಸುರಪುರದ ಬಳಿಯ ವಾಗಿನಗೇರಿಯಲ್ಲಿ, 1705ರ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಬೇಡರ ಬಂದೂಕುಗಳು ಔರಂಗಜೇಬನ ಸೇನೆಯನ್ನು ತಡೆದು ನಿಲ್ಲಿಸಿದುವು. ಆ ಬಾದಶಹನು ತಾನೇ ಮುಂದೆ ನಿಂತು ನಡೆಸಿದ ಕಡೆಯ ಮುತ್ತಿಗೆ ಅದಾಯಿತು. ಬಂಡೆಯ ಮರೆಯನ್ನೂ ಕೋಟೆಯ ಕಿಂಡಿಯನ್ನೂ ಆಧಾರ ಮಾಡಿಕೊಂಡು ಹೊಡೆಯುವವನ ಮುಂದೆ ಬಯಲಲ್ಲಿ ನಿಂತ ಲಕ್ಷವೂ ಲಘುವೇ ಎಂಬುದಕ್ಕೆ ಅದಕ್ಕಿಂತ ಬೇರೆ ನಿದರ್ಶನ ಬೇಡ. 1857ರಲ್ಲಿ ನಿಶ್ಶಸ್ತ್ರೀಕರಣದ ಕಾಯಿದೆಗೆ ತಲೆಬಾಗದೆ ಸತ್ತ ಹಲಗಲಿಯ ಬೇಡರ ಕಥೆಯನ್ನು ಲಾವಣಿಕಾರರಿಗೇ ಬಿಡುತ್ತೇನೆ. ನನ್ನದು ಅಷ್ಟು ವೀರರಸದ ವಿಷಯವಲ್ಲ, ಮಣ್ಣು ನೀರು ತುಕ್ಕುಗಳ ವಿಷಯ.

ಮಳೆಯಲ್ಲಿ ಬಂದೂಕಿನೊಡನೆ ಹೇಗೆ ಬಾಳಬೇಕೆಂಬುದನ್ನು ಕನ್ನಡನಾಡಿನಲ್ಲಿ ಎಲ್ಲರಿಗಿಂತ ಬಲ್ಲವರು ಕೊಡಗಿನವರು. ನಮ್ಮಲ್ಲಿ ವರ್ಷಕ್ಕೆ ಇಪ್ಪತ್ತೈದು ಅಂಗುಲ ಬಿದ್ದರೆ ಸುಭಿಕ್ಷ. ಅವರಲ್ಲಿ ನೂರಕ್ಕೂ ಮೀರಿದ ಮಳೆ. 1861ರಿಂದ ಬಂದ ವಿನಾಯಿತಿಯಿಂದಾಗಿ ಕೊಡವರೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರೂ ಪರವಾನಗಿಯಿಲ್ಲದೆ ಕೋವಿಯನ್ನಿಟ್ಟುಕೊಳ್ಳಬಲ್ಲರು. ಅದನ್ನು 2019ರಲ್ಲಿ ಕೇಂದ್ರ ಸರ್ಕಾರವು ಇನ್ನೂ ಹತ್ತು ವರ್ಷಗಳಿಗೆ ಮುಂದುವರಿಸಿತು. ಕೃಷಿಯ ಕಾಲದಲ್ಲಿ ಕೋವಿಗಳು ನೆಲ್ಲಕ್ಕಿ ಬಾಡೆಯ, ಅಂದರೆ ನಡುಮನೆಯ, ಒಳಗಿನ ಕನ್ನಿಕೋಂಬರೆಯಲ್ಲಿ, ದೇವರ ಕೋಣೆಯಲ್ಲಿ, ವಿಶ್ರಮಿಸುತ್ತವೆ. ನಾಟಿ ಮುಗಿದು ಮಳೆಯ ರಭಸ ಇಳಿದಮೇಲೆ, ಸೆಪ್ಟೆಂಬರ್ 3ರ ಸುಮಾರಿಗೆ, ಕೈಲ್ ಪೊಳ್ದ್ ಹಬ್ಬದ ದಿನ ಅವುಗಳನ್ನು ಹೊರತೆಗೆದು, ಉಜ್ಜಿ, ಒರೆಸಿ, ಚಂದನವಿಟ್ಟು, ನಳಿಗೆಗೆ ಅಗ್ನಿಶಿಖೆಯ ಹೂವನ್ನು ಸಿಕ್ಕಿಸುತ್ತಾರೆ. ಆ ಹೂವಿಗೆ ಅವರ ಮಾತಿನಲ್ಲಿ ತೋಕ್ ಪೂ, ಕೋವಿಯ ಹೂ, ಎಂದೇ ಹೆಸರು. ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ. ಇದನ್ನು ಬರಿಯ ಆಚಾರವೆನ್ನುವವರುಂಟು. ನನಗೆ ಕಾಣುವುದು ಬೇರೆ: ಅತಿವೃಷ್ಟಿಯ ತಿಂಗಳುಗಳಲ್ಲಿ ಆಯುಧವನ್ನು ಹೊರಗೆ ತೆಗೆಯದಿರುವುದು, ತೆಗೆದ ದಿನ ಮೊದಲು ಶುಚಿಗೊಳಿಸುವುದು, ಶುಚಿಗೊಳಿಸಿದ ಮೇಲೆ ಪ್ರಾಣವಿಲ್ಲದ ಗುರಿಯ ಮೇಲೆ ಪರೀಕ್ಷಿಸುವುದು; ಈ ಮೂರನ್ನೂ ಹಬ್ಬವೊಂದರೊಳಗೆ ಹೆಣೆದಿಟ್ಟ ಹಿರಿಯರು ಅನುಭವಿಗಳಾಗಿದ್ದರು. ನಮ್ಮ ಕಡೆ ಆಯುಧಪೂಜೆಯಂದು ಮೋಟಾರುಸೈಕಲ್ಲಿಗೆ ಕುಂಬಳಕಾಯಿ ಒಡೆಯುತ್ತೇವೆ. ಅದರ ಸರಪಳಿಗೆ ಎಣ್ಣೆ ಹಾಕಿದವರೆಷ್ಟು ಮಂದಿಯೋ!

ಈಗ ಕೋಲಿನ ಉಪಯೋಗಕ್ಕೆ ಬರೋಣ. ತಾತನವರು ಹೇಳುತ್ತಿದ್ದ ಮೊದಲನೆಯ ಮಾತು, ನಳಿಗೆಯನ್ನು ಕವೆಯ ಮೇಲೆ ಇಡಬೇಡ, ಮರವನ್ನು ಇಡು ಎಂಬುದು. ಈಡು ಹಾರುವಾಗ ನಳಿಗೆಯು ತಂತಿಯಂತೆ ಮಿಡಿಯುತ್ತದೆ. ಗಟ್ಟಿಯಾದ ವಸ್ತುವೊಂದು ಅದಕ್ಕೆ ನೇರವಾಗಿ ತಗುಲಿದ್ದರೆ ಗುಂಡು ಆ ವಸ್ತುವಿನಿಂದ ಆಚೆಗೆ ಚಿಮ್ಮುತ್ತದೆ. ಆದಕಾರಣ ನಳಿಗೆಯ ಕೆಳಗಿನ ಮರದ ಭಾಗವೇ ಕವೆಯಲ್ಲಿ ಕೂರಬೇಕು, ಕವೆಗೂ ಮರಕ್ಕೂ ನಡುವೆ ಮೆತ್ತನೆಯದೊಂದು ಇರಬೇಕು. ಆ ಮೆತ್ತೆಯ ಆಯ್ಕೆಯಲ್ಲಿಯೇ ಮಳೆಗಾಲದ ವಿವೇಕವಿರುವುದು. ಹತ್ತಿಯ ಬಟ್ಟೆ ನೆನೆದರೆ ಚಪ್ಪಟೆಯಾಗಿ ಜಾರುತ್ತದೆ. ಮರಳಿನ ಚೀಲ ನೀರು ಕುಡಿದರೆ ಕಲ್ಲಾಗುತ್ತದೆ, ಒಣಗಲು ವಾರ ಹಿಡಿಯುತ್ತದೆ. ಚರ್ಮ ನೆನೆದಾಗ ಹಿಗ್ಗಿ ಒಣಗಿದಾಗ ಕುಗ್ಗಿ ತನ್ನ ಬಿಗಿಯನ್ನು ತಾನೇ ಸಡಿಲಿಸಿಕೊಳ್ಳುತ್ತದೆ. ಕುರಿಯ ಉಣ್ಣೆಯೊಂದು ಮಾತ್ರ ನೆನೆದರೂ ತನ್ನ ಪುಟಿತವನ್ನು ಬಿಡದು. ಬಯಲಲ್ಲಿ ಮಳೆಗೆ ನೆನೆಯುತ್ತ ನಿಲ್ಲುವ ಕುರುಬನು ಕಂಬಳಿಯ ಕೊಪ್ಪೆ ಹೊದೆಯುವುದಕ್ಕೆ ಯಾವ ಕಾರಣವೋ, ಕವೆಗೆ ಕಂಬಳಿಯನ್ನೇ ಸುತ್ತುವುದಕ್ಕೂ ಅದೇ ಕಾರಣ.

ಎರಡನೆಯದು ಬುಡದ ಮಾತು. ಮಸಾರಿಯಲ್ಲಿ ಮೊನೆಯಾದ ಬುಡ ಒಳ್ಳೆಯದು. ಹರಳುಗಳ ನಡುವೆ ಇಳಿದು ನಿಲ್ಲುತ್ತದೆ. ಎರೆಯಲ್ಲಿ ಅದೇ ಮೊನೆ ಶತ್ರು. ಅಲ್ಲಿ ಅಗಲವಾದ ತಳ ಬೇಕು. ನಮ್ಮ ಸುತ್ತಿನ ಮನೆಗಳಿಗೆ ತಾಂಡೂರಿನ ಕಲ್ಲು ಹಾಸುವಾಗ ಮುರಿದು ಉಳಿಯುವ ಅಂಗೈಯಗಲದ ತುಂಡುಗಳು ಹಿತ್ತಿಲಲ್ಲಿ ಬೇಕಾದಷ್ಟು ಬಿದ್ದಿರುತ್ತವೆ. ಅಂಥದೊಂದನ್ನು ಬುಡದ ಕೆಳಗೆ ಇಟ್ಟರೆ ಎರೆಯು ನುಂಗಲಾರದು. ಆದರೆ ಕಲ್ಲಿನ ಮೇಲೆ ಕಬ್ಬಿಣ ಜಾರುವುದರಿಂದ ಹಳೆಯ ಟೈರಿನ ಒಂದು ಚೂರನ್ನು ನಡುವೆ ಸೇರಿಸುವುದು ಲೇಸು. ಲೋಹದ ಎರಡು ಕಾಲು, ಮೂರು ಕಾಲುಗಳ ಈಗಿನ ಆಧಾರಗಳಿಗೂ ಇದೇ ನ್ಯಾಯ. ಮೂರು ಕಾಲಿನದು ಅಡ್ಡ ಇಳಿಜಾರಿನಲ್ಲಿಯೂ ಕುಂಟದೆ ನಿಲ್ಲುತ್ತದೆ; ಎರಡು ಕಾಲಿನದು ಸಮನೆಲವನ್ನು ಬೇಡುತ್ತದೆ; ಒಂಟಿಕೋಲು ಮೇಲೆ ಕೆಳಗಿನ ತೂಗಾಟವನ್ನು ತಡೆದರೂ ಪಕ್ಕದ ಓಲಾಟವನ್ನು ಮನುಷ್ಯನ ಮಂಡಿಗೂ ಉಸಿರಿಗೂ ಬಿಡುತ್ತದೆ.

ಮನೆಗೆ ಬಂದಮೇಲಿನ ಕೆಲಸವು ಹೊಲದ ಕೆಲಸಕ್ಕಿಂತ ಹೆಚ್ಚಿನದು, ಮತ್ತು ಅದನ್ನು ಯಾರೂ ಮಾಡುವುದಿಲ್ಲ. ಮೊತ್ತಮೊದಲು, ಹೊಲದಲ್ಲಿಯೇ, ಬಂದೂಕನ್ನು ಕವೆಯಿಂದ ತೆಗೆಯುವ ಮುನ್ನ ತೋಟೆಯನ್ನು ಹೊರತೆಗೆಯಬೇಕು; ಒದ್ದೆ ಕೈ, ಕೆಸರಿನ ಕಾಲು, ತುಂಬಿದ ಬಂದೂಕು, ಈ ಮೂರೂ ಒಂದೆಡೆ ಕೂಡಿದಾಗ ಸತ್ತವರು ಹಂದಿಗಳಲ್ಲ. ಮನೆಯಲ್ಲಿ, ಮಡಿಸುವ ಕಾಲುಗಳ ಕೀಲುಗಳೊಳಗೆ ಸೇರಿಕೊಂಡ ಎರೆಮಣ್ಣನ್ನು ಒಣಗಲು ಬಿಡದೆ ತಿಳಿನೀರಿನಿಂದ ತೊಳೆಯಬೇಕು. ಒಣಗಿತೆಂದರೆ ಅದು ಗಾರೆಯಾಗುತ್ತದೆ. ತೊಳೆದ ಮೇಲೆ ಬಟ್ಟೆಯಿಂದ ಒರೆಸಿ, ಗಾಳಿಯಾಡುವೆಡೆ ಕಾಲು ಬಿಡಿಸಿ ನಿಲ್ಲಿಸಿ, ಪೂರಾ ಒಣಗಿದ ನಂತರ ಹೊಲಿಗೆಯಂತ್ರಕ್ಕೆ ಹಾಕುವ ತೆಳುವಾದ ಎಣ್ಣೆಯ ಎರಡು ಹನಿಯನ್ನು ಕೀಲಿಗೆ ಬಿಡಬೇಕು. ಹೆಚ್ಚು ಎಣ್ಣೆ ಹಾಕುವವರು ಭಕ್ತರೇ ಹೊರತು ಬಲ್ಲವರಲ್ಲ. ಎಣ್ಣೆಗೆ ಧೂಳು ಅಂಟಿ ಅದೇ ಅರದಂತೆ ಲೋಹವನ್ನು ತಿನ್ನುತ್ತದೆ. ಈಡಿನ ಅದುರಿಗೆ ತಿರುಪುಗಳು ಸಡಿಲವಾಗುವುದು ಸ್ವಭಾವವಾದ್ದರಿಂದ ಪ್ರತಿಸಲವೂ ಬೆರಳಿಟ್ಟು ನೋಡಬೇಕು. ಎಲ್ಲಕ್ಕಿಂತ ದೊಡ್ಡ ಅಪರಾಧವೆಂದರೆ ಒದ್ದೆಯಾದ ಆಧಾರವನ್ನಾಗಲಿ ಬಂದೂಕನ್ನಾಗಲಿ ಹಾಗೆಯೇ ಚೀಲದೊಳಗೆ ಸೇರಿಸಿ ಜಿಪ್ಪು ಎಳೆಯುವುದು; ಹೊರಗಿನ ಮಳೆಯಿಂದ ತಪ್ಪಿಸಿಕೊಂಡ ಲೋಹವು ಒಳಗಿನ ಹಬೆಯಲ್ಲಿ ಬೆವರಿ ಒಂದೇ ರಾತ್ರಿಗೆ ಕೆಂಪಗಾಗುತ್ತದೆ.

ಮರದ ಕೋಲಿಗೆ ಅಗಸೆಯೆಣ್ಣೆಯೇ ಎಣ್ಣೆ. ಎಳ್ಳೆಣ್ಣೆ, ಹೊಂಗೆಯೆಣ್ಣೆಗಳು ಜಿಡ್ಡಾಗಿಯೇ ಉಳಿಯುತ್ತವೆ. ಅಗಸೆಯೆಣ್ಣೆಯಾದರೋ ಗಾಳಿಗೆ ಒಣಗಿ ಮರದ ಮೇಲೆ ತೆಳುವಾದ ಪೊರೆಯನ್ನು ಕಟ್ಟುತ್ತದೆ. ತಾತನವರು ಮೃಗಶಿರೆಗೆ ಮುಂಚೆ ಒಂದು ಸಲ, ದಸರೆಯಲ್ಲಿ ಒಂದು ಸಲ, ಹಳೆಯ ಧೋತರದ ಚಿಂದಿಯಲ್ಲಿ ಅದನ್ನು ಅದ್ದಿ ಕೋಲಿನ ಮೇಲೆ ತಿಕ್ಕುತ್ತಿದ್ದರು. ಕೋಣೆಯೆಲ್ಲ ಅಗಸೆಯ ಚಟ್ನಿಯಂತೆ ಘಮಘಮಿಸುತ್ತಿತ್ತು. ಬಂದೂಕಿನ ಹಿಡಿಗೂ ಅದೇ ಉಪಚಾರ, ಏಕೆಂದರೆ ಮಳೆಗೆ ಉಬ್ಬಿದ ಮರವು ನಳಿಗೆಯನ್ನು ಒತ್ತಿತೆಂದರೆ ಬೇಸಗೆಯಲ್ಲಿ ಸರಿಯಾಗಿದ್ದ ಗುರಿಯು ಶ್ರಾವಣದಲ್ಲಿ ಸರಿಯಾಗಿರುವುದಿಲ್ಲ. ಬೇಸಗೆಯ ಗುರಿಯನ್ನು ನಂಬಿ ಮಳೆಗಾಲದ ಹೊಲಕ್ಕೆ ಬರುವವನು ಹಳೆಯ ಪಂಚಾಂಗ ಹಿಡಿದು ಮುಹೂರ್ತವಿಟ್ಟಂತೆ.

ನಿಜವಾದ ಗುರಿಕಾರನಿಗೆ ಕೋಲಿನ ಹಂಗೇಕೆಂದು ಕೇಳುವವರಿದ್ದಾರೆ. ಹಳೆಯ ಶಿಕಾರಿ ಕಥೆಗಳಲ್ಲಿ ನಾಯಕನು ನಿಂತ ನಿಲುವಿನಲ್ಲಿಯೇ ಹೊಡೆದು ಕೆಡಹುತ್ತಾನೆ. ತಪ್ಪಿದ ಈಡುಗಳ ಕಥೆಯನ್ನು ಯಾರೂ ಬರೆಯಲಿಲ್ಲವಾಗಿ ನಮಗೆ ಹಾಗೆ ತೋರುತ್ತದೆ. ಪಂದ್ಯದಲ್ಲಿ ಕೈಬಲದ ಪ್ರದರ್ಶನ ಸರಿ. ಇಲ್ಲಿ ಪಂದ್ಯವಿಲ್ಲ, ರೈತನ ಕಷ್ಟದ ಹೆಸರಿನಲ್ಲಿ, ಸರ್ಕಾರದ ಮುದ್ರೆಯ ಕೆಳಗೆ, ಒಂದು ಜೀವವನ್ನು ತೆಗೆಯುವ ಅಪ್ರಿಯವಾದ ಕೆಲಸವಿದೆ. ಅದನ್ನು ಮಾಡಲೇಬೇಕಾದಲ್ಲಿ ಸಾಧ್ಯವಿರುವ ಎಲ್ಲ ಆಸರೆಯನ್ನೂ ಪಡೆದು ಮಾಡುವುದು ಪ್ರಾಣಿಗೆ ತೋರಿಸಬೇಕಾದ ಕನಿಷ್ಠ ಮರ್ಯಾದೆ. ಇನ್ನು ಕೊಲ್ಲುವುದೇ ಬೇಡ, ಬೇಲಿ ಹಾಕೋಣ ಎನ್ನುವವರ ಪಕ್ಷಕ್ಕೆ ನನ್ನ ಮನಸ್ಸೂ ಅರ್ಧ ವಾಲುತ್ತದೆ; ಆದರೆ ಆ ಪಕ್ಷದವರು ಬೇಲಿಯ ಹೆಸರಿನಲ್ಲಿ ಕಳ್ಳ ಕರೆಂಟಿನ ತಂತಿಯನ್ನು ಎಳೆಯುವವರನ್ನು ಮೊದಲು ತಡೆಯಲಿ. ಆ ತಂತಿಯು ಹಂದಿಯನ್ನೂ ಎತ್ತನ್ನೂ, ನಸುಕಿನಲ್ಲಿ ನೀರು ಕಟ್ಟಲು ಹೋದ ಮನುಷ್ಯನನ್ನೂ ಬೇರೆಬೇರೆಯಾಗಿ ನೋಡದು.

ನಮ್ಮ ಜೋಳದ ಹೊಲಗಳಲ್ಲಿ ಮಂಚಿಗೆ ಕಟ್ಟುವ ಪದ್ಧತಿಯಿತ್ತು: ನಾಲ್ಕು ಗೂಟ, ಮೇಲೊಂದು ಹಂದರ, ಅದರ ಮೇಲೆ ಕವಣೆ ಹಿಡಿದು ನಿಂತ ಹುಡುಗಿ, ಅವಳ ಕೂಗಿಗೆ ಎದ್ದು ಹಾರುವ ಗಿಳಿವಿಂಡು. ನನ್ನ ಮಟ್ಟಿಗೆ ಗುರಿಕಾರನಿಗೂ ಅದಕ್ಕಿಂತ ಉತ್ತಮವಾದ ಸ್ಥಾನವಿಲ್ಲ. ಎತ್ತರದಿಂದ ಹಾರಿದ ಗುಂಡು ಹಂದಿಯನ್ನು ತಪ್ಪಿದರೂ ಇಳಿಮುಖವಾಗಿ ನೆಲಕ್ಕೆ ಹೂತುಹೋಗುತ್ತದೆ. ನೆಲಮಟ್ಟದಿಂದ ಹಾರಿದ್ದು ನೀರು ನಿಂತ ಮಡಿಯ ಮೇಲೆ, ಒದ್ದೆ ಬಂಡೆಯ ಮೇಲೆ, ಮಕ್ಕಳು ನೀರಿನ ಮೇಲೆ ಎಸೆಯುವ ಬಿಲ್ಲೆಗಲ್ಲಿನಂತೆ ಪುಟಿದು ಯಾರ ಗುಡಿಸಲಿಗೆ ಹೋಗುವುದೋ ಹೇಳಲಾಗದು. ಮಂಚಿಗೆಯ ಅಡ್ಡಗಳುವಿಗೆ ಕಂಬಳಿ ಸುತ್ತಿದರೆ ಅದೇ ಕವೆ. ಎರೆಯ ಭಯವೂ ಇಲ್ಲ. ಒಂದೇ ಎಚ್ಚರ: ಗುಡುಗು ಕೇಳಿದೊಡನೆ ಇಳಿದು ಮನೆ ಸೇರಬೇಕು. ಬಯಲಲ್ಲಿ ಎತ್ತರವಾಗಿ ನಿಂತದ್ದನ್ನು, ಅದು ತಾಳೆಮರವಾಗಲಿ ಮಂಚಿಗೆಯಾಗಲಿ, ಸಿಡಿಲು ಮೊದಲು ಹುಡುಕುತ್ತದೆ. ನಮ್ಮ ಸೀಮೆಯಲ್ಲಿ ಮುಂಗಾರಿನ ಸಿಡಿಲಿಗೆ ಕುರಿಗಾಹಿಗಳು ಸಾಯದ ವರ್ಷವಿಲ್ಲ. ಇಳಿಯುವಾಗ ಬಂದೂಕನ್ನು ಖಾಲಿಮಾಡಿ ಹಗ್ಗದಲ್ಲಿ ಮೊದಲು ಇಳಿಸಬೇಕು, ಆಮೇಲೆ ಮನುಷ್ಯನು ಇಳಿಯಬೇಕು.

ಅನುಮತಿಯ ಕಾಗದವನ್ನು ಬರೆಯುವ ಅಧಿಕಾರಿಗಳಲ್ಲಿಯೂ ಅದಕ್ಕೆ ಅಂಕಿತ ಹಾಕುವ ಸರಪಂಚರಲ್ಲಿಯೂ ನನ್ನ ವಿಜ್ಞಾಪನೆ ಇಷ್ಟೇ. ಬಂದೂಕಿನ ನಂಬರು, ತೋಟೆಯ ಲೆಕ್ಕ, ಹೊಲದ ಸರ್ವೆ ನಂಬರುಗಳ ಕೆಳಗೆ ಇನ್ನೆರಡು ಸಾಲುಗಳಿಗೆ ಜಾಗವಿರಲಿ: ಆಧಾರವಿಲ್ಲದೆ ಈಡು ಹಾರಿಸತಕ್ಕುದಲ್ಲ, ಜಡಿಮಳೆಯಲ್ಲಿಯೂ ಗುಡುಗಿನಲ್ಲಿಯೂ ಆ ರಾತ್ರಿಯ ಕೆಲಸವನ್ನು ನಿಲ್ಲಿಸತಕ್ಕುದು. ಗುರಿಕಾರರು ಊರಿಗೆ ಬಂದ ಹಗಲಿನಲ್ಲಿಯೇ ಹೊಲವನ್ನು ತುಳಿದು ನೋಡಲಿ, ಒದ್ದೆನೆಲದಲ್ಲಿ ತಮ್ಮ ಆಧಾರವನ್ನೂರಿ ಮಡಕೆಯ ಬೋಕಿಯೊಂದಕ್ಕೆ ಎರಡು ಈಡು ಹೊಡೆದು ತೋರಿಸಲಿ. ಕಲ್ಲಿನ ತುಂಡು, ಕಂಬಳಿಯ ಪಟ್ಟಿ, ಬೇಕಾದರೆ ಈ ಜಾಲಿಯ ಕೋಲು, ಇವನ್ನು ನಮ್ಮ ಮನೆಯಿಂದ ಒಯ್ಯಬಹುದು. ಕೆಲಸವಾದ ಮೇಲೆ ಒರೆಸಿ ತಂದಿಟ್ಟರೆ ಸಾಕು.